ಯಾವ ಸುದ್ದಿ ನಂಬಬೇಕು? ನಾನು ನೋಡುವುದು ಹೀಗೆ

2016ರ ನವೆಂಬರ್ ನೆನಪಿದೆಯಾ? ಹೊಸ 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಓಡಾಡಿದ ಕತೆಯನ್ನು ಕೆಲವು ಟಿವಿ ಚಾನೆಲ್‌ಗಳೂ ಗಂಭೀರವಾಗಿ ವಿವರಿಸಿದವು. ರಿಸರ್ವ್ ಬ್ಯಾಂಕ್ ಕೊಟ್ಟ ನೋಟಿನ ವಿವರದಲ್ಲಿ ಚಿಪ್‌ನ ಸುದ್ದಿಯೇ ಇರಲಿಲ್ಲ. ಅದನ್ನು ಓದಲು ಎರಡು ನಿಮಿಷ ಸಾಕಿತ್ತು, ಅಲ್ವಾ?

ಹಾಗಾಗಿ ಮೊದಲು ಮೂಲ ಹುಡುಕಿ. ಆದೇಶ, ತೀರ್ಪು, ಪೂರ್ತಿ ಭಾಷಣ ಸಿಕ್ಕರೆ ಅದನ್ನೇ ನೋಡಿ. ಬರೀ 'ಬಲ್ಲ ಮೂಲಗಳು' ಅಂತಿದ್ದರೆ ಒಂದು ದಿನ ಕಾಯಿರಿ.

ಆಮೇಲೆ ಮಾಲೀಕರು ಯಾರು ಅಂತ ನೋಡಿ. ಕಸ್ತೂರಿ ಚಾನೆಲ್ ಶುರು ಮಾಡಿದ್ದು ಕುಮಾರಸ್ವಾಮಿ ಕುಟುಂಬ. ಅಷ್ಟಕ್ಕೇ ಅಲ್ಲಿ ಬರುವುದೆಲ್ಲ ಸುಳ್ಳು ಅಂತಲ್ಲ, ಜೆಡಿಎಸ್ ಸುದ್ದಿಯನ್ನು ಇನ್ನೊಂದು ಕಡೆಯೂ ಓದಿ ಅಷ್ಟೇ.

ನನಗಿಷ್ಟವಾದ ಪರೀಕ್ಷೆ ಕಾವೇರಿ. ಕೋರ್ಟ್ ಆದೇಶ ಒಂದೇ, ಆದರೆ ಬೆಂಗಳೂರಿನ ಪತ್ರಿಕೆಯನ್ನೂ ಚೆನ್ನೈ ಪತ್ರಿಕೆಯನ್ನೂ ಪಕ್ಕಪಕ್ಕ ಇಟ್ಟು, ಎಷ್ಟು ಕ್ಯೂಸೆಕ್, ಎಷ್ಟು ದಿನ ಅಂತ ಎರಡರಲ್ಲೂ ಗುರುತು ಹಾಕಿಕೊಂಡು ಓದಿ, ಯಾರು ಏನನ್ನು ಬಿಟ್ಟಿದ್ದಾರೆ ಅಂತ ತಾನಾಗಿಯೇ ಕಾಣುತ್ತದೆ. ನಮ್ಮ ಕಡೆಯವರು ಬಿಟ್ಟಿದ್ದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ.

ತಪ್ಪಾದಾಗ ತಿದ್ದುಪಡಿ ಹಾಕುವ ಪತ್ರಿಕೆಗೆ ನನ್ನಲ್ಲಿ ಜಾಸ್ತಿ ಅಂಕ. ಸುಮ್ನೆ ಅಳಿಸಿಹಾಕಿದವರಿಗೆ ಸೊನ್ನೆ.