ಪೂರ್ಣಚಂದ್ರ ತೇಜಸ್ವಿಯನ್ನು ಎಲ್ಲಿಂದ ಓದಲು ಶುರು ಮಾಡಬೇಕು?

ಯಾರನ್ನು ಕೇಳಿದರೂ ಒಂದೇ ಉತ್ತರ, ‘ಕರ್ವಾಲೊ’ ತಗೊಳ್ಳಿ. ತಪ್ಪೇನಿಲ್ಲ. ಆದರೆ ನನ್ನನ್ನು ಕೇಳಿದರೆ, ಅದಕ್ಕೂ ಮುಂಚೆ ‘ಪರಿಸರದ ಕತೆ’ಯಲ್ಲಿ ಒಂದು ನಾಲ್ಕೈದು ಬರಹ ಓದಿಕೊಳ್ಳಿ. ಕಿವಿ ಅನ್ನುವ ನಾಯಿ, ಪ್ಯಾರ ಅನ್ನುವ ಆಳು ಇದರಲ್ಲೂ ಇದ್ದಾರೆ, ಕರ್ವಾಲೊದಲ್ಲೂ ಇದ್ದಾರೆ. ಒಂದು ಪ್ರಬಂಧದ ಥರ, ಇನ್ನೊಂದು ಕಾದಂಬರಿ. ನಾಯಿ ಮಾತ್ರ ಅದೇ. ಹಾಗಾಗಿ ಯಾವುದು ನಡೆದದ್ದು, ಯಾವುದು ಕಟ್ಟಿದ್ದು ಅಂತ ತಲೆ ಕೆಡಿಸಿಕೊಳ್ಳಬೇಡಿ. ‘ಪರಿಸರದ ಕತೆ’ಯಲ್ಲಿ ಬರುವ ಮಾರ ಅನ್ನುವವನು ಬಿಡುವ ಬುರುಡೆಗಳನ್ನು ಮನೆಯಲ್ಲಿ ಯಾರಿಗಾದರೂ ಜೋರಾಗಿ ಓದಿ ಹೇಳಿ, ಸುಮ್ನೆ ಕಣ್ಣಲ್ಲಿ ಓದಿದರೆ ಅರ್ಧ ಮಜಾ ಹೋಗುತ್ತದೆ.

ಈಗ ಕರ್ವಾಲೊ. 1980ರ ಪುಸ್ತಕ, ಚಿಕ್ಕದು, ಎರಡು ದಿನಕ್ಕೆ ಮುಗಿಯುತ್ತದೆ. ಹಾರುವ ಓತಿಯ ಹುಡುಕಾಟ ಅಂತ ಎಲ್ಲರೂ ಮೊದಲೇ ಹೇಳಿಬಿಟ್ಟಿರುತ್ತಾರೆ, ಅದೇ ತೊಂದರೆ. ನೀವು ಓತಿಗಾಗಿ ಕಾಯುತ್ತಾ ಕೂರುತ್ತೀರಿ, ಪುಸ್ತಕ ನೋಡಿದರೆ ಜೇನುತುಪ್ಪದಿಂದ ಶುರುವಾಗುತ್ತದೆ! ಮೂಡಿಗೆರೆಯ ಜೇನು ಸೊಸೈಟಿ, ಅಲ್ಲಿಂದ ಮಂದಣ್ಣ. ಊರವರ ಲೆಕ್ಕದಲ್ಲಿ ಈ ಹುಡುಗ ಯಾವುದಕ್ಕೂ ಬಾರದವನು. ಅವನಿಗೋ ಒಂದು ಸರ್ಕಾರಿ ಕೆಲಸ ಸಿಕ್ಕರೆ ಮದುವೆಯಾಗಬಹುದಲ್ಲ ಅನ್ನುವ ಆಸೆ. ದಯವಿಟ್ಟು ಈ ಪುಟಗಳನ್ನು ಹಾರಿಸಬೇಡಿ. ಅದೇ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊಗೆ ಹುಟ್ಟಾ ಪ್ರಕೃತಿ ತಜ್ಞನೊಬ್ಬ ಕಾಣಿಸುತ್ತಾನೆ, ಮತ್ತು ನನ್ನ ಪ್ರಕಾರ ಓತಿಗಿಂತ ದೊಡ್ಡ ಪತ್ತೆ ಅದು.

ಆಮೇಲೆ ಸಣ್ಣ ಕಥೆಗಳು, ಅಂದರೆ ‘ಅಬಚೂರಿನ ಪೋಸ್ಟಾಫೀಸು’. ಮುನ್ನುಡಿ ಮೊದಲು ಓದಬೇಡಿ. ನವ್ಯ ಸಾಹಿತ್ಯದ ದಾರಿ ಬಿಟ್ಟು ತಾನು ಯಾಕೆ ಹೊರಬಂದೆ ಅಂತ ತೇಜಸ್ವಿ ಅಲ್ಲಿ ಹೇಳುತ್ತಾರೆ, ಸಮಾಜವಾದಿ ನಾಯಕ ಲೋಹಿಯಾ, ಸಾಹಿತಿಗಳಾದ ಕುವೆಂಪು, ಕಾರಂತರ ಋಣ ನೆನೆಯುತ್ತಾರೆ. ಕಥೆ ಓದದೆ ಅದನ್ನು ಓದಿದರೆ ಯಾರದೋ ಮನೆ ಜಗಳ ಕೇಳಿದ ಹಾಗಿರುತ್ತದೆ. ಮೊದಲು ‘ತಬರನ ಕಥೆ’ಗೆ ಹೋಗಿ. ತೆರಿಗೆ ವಸೂಲಿ ಮಾಡುತ್ತಿದ್ದ ಬಡ ನೌಕರ, ನಿವೃತ್ತಿಯಾಗಿದೆ, ಪಿಂಚಣಿ ಕಾಗದ ಮಾತ್ರ ಟೇಬಲ್ಲಿನಿಂದ ಟೇಬಲ್ಲಿಗೆ ಅಲೆಯುತ್ತಿದೆ, ಇತ್ತ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೆಯುತ್ತಿದೆ. ಇಷ್ಟು ಹೇಳಿದರೆ ಬರೀ ಗೋಳು ಅನ್ನಿಸಬಹುದು, ಆದರೆ ತೇಜಸ್ವಿ ಅಳಿಸಲು ಹೋಗುವುದೇ ಇಲ್ಲ, ಕಚೇರಿಯ ಕೆಲಸ ಹೇಗೆ ನಡೆಯುತ್ತದೋ ಹಾಗೇ ತಣ್ಣಗೆ ಬರೆಯುತ್ತಾ ಹೋಗುತ್ತಾರೆ. ಗಿರೀಶ್ ಕಾಸರವಳ್ಳಿಯವರ ಸಿನಿಮಾ, ಚಾರುಹಾಸನ್ ಇರುವುದು, ಓದಿದ ಮೇಲೆ ನೋಡಿ. ತಬರನ ಭಾರ ಇಳಿಸಿಕೊಳ್ಳಲು ಅದೇ ಪುಸ್ತಕದ ‘ಡೇರ್ ಡೆವಿಲ್ ಮುಸ್ತಫಾ’ ಕಥೆ ಇದ್ದೇ ಇದೆ.

‘ಚಿದಂಬರ ರಹಸ್ಯ’ಕ್ಕೆ ಅವಸರ ಬೇಡ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ ಅಂತ ನಾನು ಕಾಲೇಜಿನಲ್ಲಿದ್ದಾಗ ಅದರಿಂದಲೇ ಶುರು ಮಾಡಿ, ಅರ್ಧಕ್ಕೆ ಬರುವಷ್ಟರಲ್ಲಿ ಯಾರು ಯಾರ ಕಡೆ ಅಂತಲೇ ಮರೆತು ಕೆಳಗಿಟ್ಟಿದ್ದೆ. ಕೆಸರೂರಿನ ತುಂಬ ಜನ, ಏಲಕ್ಕಿ, ಒಂದು ಸಾವಿನ ತನಿಖೆ, ಜಾತಿ, ಹುಡುಗರ ಪುಂಡಾಟ, ಎಲ್ಲ ಒಟ್ಟಿಗೆ ಬರುತ್ತದೆ. ಎರಡನೇ ಸಲ ಒಂದು ಚೀಟಿಯಲ್ಲಿ ಹೆಸರು ಬರೆದಿಟ್ಟುಕೊಂಡು ಓದಿದೆ, ಸಲೀಸಾಗಿ ಹೋಯಿತು. ನೀವೂ ಹಾಗೇ ಮಾಡಿ. ‘ಜುಗಾರಿ ಕ್ರಾಸ್’ ಕಾದಂಬರಿಗೆ ಚೀಟಿ ಗೀಟಿ ಬೇಡ, ರಜೆ ಇದ್ದರೆ ಸಾಕು.

ಕೊನೆಗೆ ‘ಅಣ್ಣನ ನೆನಪು’. ಅಣ್ಣ ಅಂದರೆ ಇಲ್ಲಿ ಅಪ್ಪ, ಕುವೆಂಪು. ಇದನ್ನು ಮೊದಲೇ ಓದಿದರೆ ಉಳಿದದ್ದನ್ನೆಲ್ಲ ಕುವೆಂಪು ಮಗ ಬರೆದದ್ದು ಅಂತ ಓದುತ್ತೀರಿ. ತೇಜಸ್ವಿಯ ತೋಟ, ಮಾರ, ಮಂದಣ್ಣ, ತಬರ ಎಲ್ಲರ ಗುರುತಾದ ಮೇಲೆ ಓದಿ ನೋಡಿ, ಈ ಮನುಷ್ಯನ ಅಪ್ಪ ಮನೆಯಲ್ಲಿ ಹೇಗಿದ್ದರು ಅಂತ ತಿಳಿಯುವ ಕುತೂಹಲವೇ ಬೇರೆ. ಅಂದ ಹಾಗೆ, ‘ಪರಿಸರದ ಕತೆ’ಯನ್ನು ಯಾರಿಗೂ ಎರವಲು ಕೊಡಬೇಡಿ. ನನ್ನ ಹತ್ತಿರ ಈಗಿರುವುದು ಮೂರನೇ ಪ್ರತಿ.