ಹಳೇ ಬಕ್ಕಿಯಲ್ಲಿ ಉಪ್ಪಿನ ಬಯಲು

ಬೋಟ್ಸ್ವಾನಾದ ಗ್ಯಾಬರೋನ್‌ನಲ್ಲಿ ಕೆಲಸಕ್ಕಿದ್ದಾಗ 1992ರ ಟೊಯೊಟಾ ಹೈಲಕ್ಸ್ ಒಂದನ್ನು 20 ಸಾವಿರ ಪುಲಾಕ್ಕೆ ಕೊಂಡೆ. ಹಿಂದೆ ತೆರೆದ ಡಬ್ಬಿ ಇರುವ ಇಂಥ ಗಾಡಿಗೆ ಅಲ್ಲಿ ಬಕ್ಕಿ ಅಂತಾರೆ. ಕಾರ್ಬುರೇಟರ್ ಎಂಜಿನ್, ಎಳೆಯುವುದು ಹಿಂದಿನ ಎರಡೇ ಚಕ್ರ, ಎ.ಸಿ. ಇಲ್ಲ. ಇದರಲ್ಲೇ ಮಕ್ಗಾಡಿಕ್ಗಾಡಿ ಉಪ್ಪಿನ ಬಯಲಿನ ಕುಬು ದ್ವೀಪಕ್ಕೆ ಹೋಗ್ತೀನಿ ಅಂದಾಗ ಫೋರ್‌ವೀಲ್ ಇಟ್ಟುಕೊಂಡವರೆಲ್ಲ ನಕ್ಕರು. ಆಫೀಸಿನ ಹಿರಿಯ ಡ್ರೈವರ್ ಒಬ್ಬರು ಮಾತ್ರ "ಆಗಸ್ಟ್‌ನಲ್ಲಾದರೆ ನಾನೂ ಬರ್ತೀನಿ" ಎಂದರು. ಪುಲಾ ಅಂದರೆ ಅವರ ಭಾಷೆಯಲ್ಲಿ ಮಳೆ. ದುಡ್ಡಿಗೇ ಮಳೆಯ ಹೆಸರಿಟ್ಟ ಊರು, ಆದರೆ ಆ ಬಯಲಲ್ಲಿ ಮಳೆ ಬಿದ್ದರೆ ಗಾಡಿ ಕಥೆ ಮುಗೀತು. ಆಗಸ್ಟ್ ಅಲ್ಲಿ ಮಳೆ ಇಲ್ಲದ ಕಾಲ.

ನಾನು ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್, ತಂತಿ ಎಲ್ಲ ತುಂಬಿಕೊಂಡೆ. ಅವರು ತಂದದ್ದು ಒಂದು ಮರದ ಹಲಗೆ, ಕಿಟಕಿಗೆ ಹೊಡೆಯುವ ಸೊಳ್ಳೆ ಜಾಲರಿ. ನೀರು, ಪೆಟ್ರೋಲ್ ಕ್ಯಾನ್‌ಗಳನ್ನು ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ ಕಟ್ಟಿಸಿದರು. ಖಾಲಿ ಬಕ್ಕಿಗೆ ಹಿಂದೆ ಭಾರ ಇಲ್ಲದಿದ್ದರೆ ಚಕ್ರ ಸುಮ್ನೆ ತಿರುಗುತ್ತೆ, ಗಾಡಿ ಮುಂದೆ ಹೋಗಲ್ಲ.

ಲೆಟ್ಲಹಕಾನೆವರೆಗೆ ಟಾರು ರೋಡು, ಕತ್ತೆಗಳ ಕಾಟ ಬಿಟ್ಟರೆ ಹೇಳುವಂಥದ್ದೇನಿಲ್ಲ. ಮ್ಮಾಟ್ಶುಮೊ ಹಳ್ಳಿ ದಾಟಿ ಟೈರಿನ ಗಾಳಿ 30ರಿಂದ 18ಕ್ಕೆ ಇಳಿಸಿದೆವು. ಅಲ್ಲಿಂದ ಕುಬುಗೆ ಸುಮಾರು 45 ಕಿ.ಮೀ., ನಮಗೆ ಹಿಡಿದದ್ದು ಐದು ಗಂಟೆ. ಜಾಡಿನ ನಡುವೆ ಬೆಳೆದ ಒಣ ಹುಲ್ಲು ಗಾಡಿಯ ಹೊಟ್ಟೆಗೆ ಉಜ್ಜುತ್ತಿತ್ತು. ಅದರ ಬೀಜ ರೇಡಿಯೇಟರ್‌ಗೆ ಕೂತರೆ ಎಂಜಿನ್ ಕಾಯುತ್ತೆ, ಸೈಲೆನ್ಸರ್ ಪೈಪಿಗೆ ಸಿಕ್ಕಿಕೊಂಡರೆ ಬೆಂಕಿ. ಅರ್ಧ ಗಂಟೆಗೊಮ್ಮೆ ಇಳಿದು ರೇಡಿಯೇಟರ್ ಮುಂದೆ ಕಟ್ಟಿದ್ದ ಆ ಸೊಳ್ಳೆ ಜಾಲರಿ ಕೊಡವಿ, ಬಗ್ಗಿ ಕೆಳಗೆ ಕೈ ಹಾಕಿ ಹುಲ್ಲು ಕೀಳಬೇಕು. ಆದರೂ ಟೆಂಪರೇಚರ್ ಮುಳ್ಳು ಮೇಲೇರಿತು. ಆಗ ಅವರು ಕಿಟಕಿ ಇಳಿಸಿ ಹೀಟರ್ ಫುಲ್ ಹಾಕಿದರು. ಆ ಬಿಸಿಲಲ್ಲಿ ಹೀಟರ್! ಎಂಜಿನ್ ಶಾಖ ನಮ್ಮ ಮೈಗೆ ಬಂತು, ಮುಳ್ಳು ಇಳಿಯಿತು.

ಬಯಲು ಸಿಕ್ಕಾಗ ನಾನು ಮಾಡಿದ್ದು ಶುದ್ಧ ಪೆದ್ದುತನ. ಫೋಟೋ ಚೆನ್ನಾಗಿ ಬರಲಿ ಅಂತ ಹಳೇ ಜಾಡು ಬಿಟ್ಟು ಇಪ್ಪತ್ತು ಅಡಿ ಪಕ್ಕಕ್ಕೆ ತಿರುಗಿಸಿದೆ. ಮೇಲೆ ಹಪ್ಪಳದಂಥ ಬಿಳಿ ಪದರ, ಕೆಳಗೆ ಅಂಬಲಿಯಂಥ ಬೂದು ಕೆಸರು. ಕರಕ್ ಅಂತ ಸದ್ದಾಯ್ತು, ಹಿಂದಿನ ಚಕ್ರ ಆಕ್ಸಲ್‌ವರೆಗೆ ಇಳಿಯಿತು. ಗಾಬರಿಯಲ್ಲಿ ಆಕ್ಸಿಲರೇಟರ್ ತುಳಿದೆ, ಇನ್ನೂ ಇಳಿಯಿತು. ಜಾಕ್ ಇಟ್ಟರೆ ಗಾಡಿ ಏಳಲಿಲ್ಲ, ಜಾಕೇ ಹೂತುಹೋಯಿತು. ಆಗ ಹಲಗೆ ಕೆಲಸಕ್ಕೆ ಬಂತು. ಅದರ ಮೇಲೆ ಜಾಕ್ ಇಟ್ಟು, ಎತ್ತಿದ ಚಕ್ರದ ಕೆಳಗೆ ಮ್ಯಾಟು, ಹುಲ್ಲು, ನನ್ನ ಚಾಪೆ ತುರುಕಿ, ಬಂದ ಗುರುತಿನ ಮೇಲೇ ರಿವರ್ಸ್ ಬರಲು ಎರಡು ಗಂಟೆ. ಅವರು ಬೈಯಲಿಲ್ಲ. ಸ್ಟಿಯರಿಂಗ್ ಮಾತ್ರ ವಾಪಸ್ ಕೊಡಲಿಲ್ಲ.

ಕುಬು ಅಂದರೆ ಉಪ್ಪಿನ ನಡುವೆ ಎದ್ದ ಗ್ರಾನೈಟ್ ಬಂಡೆಗಳ ಗುಡ್ಡ, ತುಂಬ ಬಾವೊಬಾಬ್ ಮರಗಳು. ಸವಣೂರಿನ ದೊಡ್ಡಹುಣಸೆ ಮರ ನೋಡಿದ್ದೀರಲ್ವಾ, ಅದೇ ಜಾತಿ. ಅದರ ಬುಡದಲ್ಲಿ ಟಾರ್ಚ್ ಹಿಡಿದು, ಅದುರಿ ಸಡಿಲಾಗಿದ್ದ ಬೋಲ್ಟುಗಳನ್ನು ಒಂದೊಂದಾಗಿ ಬಿಗಿ ಮಾಡಿದೆವು. ಬ್ಯಾಟರಿ ಕ್ಲ್ಯಾಂಪ್ ಎಲ್ಲೋ ಬಿದ್ದುಹೋಗಿತ್ತು, ತಂತಿ ಸುತ್ತಿದೆವು.

ಮನೆಗೆ ಬಂದ ಮೇಲೆ ಗಾಡಿಯಡಿಯ ಉಪ್ಪು ಕೆಸರು ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಬಿಟ್ಟರೆ ತುಕ್ಕು ಗ್ಯಾರಂಟಿ. ಕೈಗೆ ಸಿಕ್ಕ ದೋಸೆ ಸಟ್ಟುಗದಲ್ಲೇ ಕೆರೆದೆ. ಹೆಂಡತಿಗೆ ಹೊಸದು ತಂದುಕೊಡಬೇಕಾಯಿತು.