ಸೇನಾ ನೆಲೆಯ ಪಕ್ಕದ ಮನೆ: ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಿದ ನನ್ನ ಅನುಭವ

ಅಮೆರಿಕದ ಫಿಲಡೆಲ್ಫಿಯಾದಿಂದ ಉತ್ತರಕ್ಕೆ ಹಾರ್ಷಮ್, ವಾರ್ಮಿನ್‌ಸ್ಟರ್ ಅಂತ ಎರಡು ಊರುಗಳಿವೆ. ನಮ್ಮ ಮನೆ ಈ ಭಾಗದಲ್ಲೇ ಇರುವುದು. ಹಾರ್ಷಮ್‌ನಲ್ಲಿದ್ದ ವಿಲ್ಲೋ ಗ್ರೋವ್ ನೌಕಾಪಡೆ ವಿಮಾನ ನೆಲೆ 2011ರಲ್ಲಿ ಮುಚ್ಚಿತು. ವಾರ್ಮಿನ್‌ಸ್ಟರ್‌ನದು 1996ರಲ್ಲೇ ಮುಚ್ಚಿತ್ತು. ವಿಮಾನದ ಇಂಧನಕ್ಕೆ ಬೆಂಕಿ ಬಿದ್ದರೆ ಆರಿಸಲು ಅಲ್ಲಿ ಒಂದು ಬಗೆಯ ನೊರೆ ಬಳಸುತ್ತಿದ್ದರು. ಅದರಲ್ಲಿ ಪಿಫಾಸ್ ಅನ್ನುವ ರಾಸಾಯನಿಕಗಳಿದ್ದವು. ನೊರೆ ಮಣ್ಣಿಗಿಳಿದು ಅಂತರ್ಜಲ ಸೇರಿತು. 2014ರಲ್ಲಿ ಊರಿಗೆ ನೀರು ಕೊಡುವ ಬಾವಿಗಳಲ್ಲೇ ಅದು ಪತ್ತೆಯಾಗಿ, ಕೆಲವನ್ನು ನಿಲ್ಲಿಸಬೇಕಾಯಿತು.

ಊರಿನ ನಲ್ಲಿ ನೀರನ್ನು ಪರೀಕ್ಷೆ ಮಾಡಲು ಜನ ಇದ್ದಾರೆ. ನಮ್ಮದು ಸ್ವಂತ ಬೋರ್‌ವೆಲ್. ಅದರ ಜವಾಬ್ದಾರಿ ನಮ್ಮದೇ.

ಲ್ಯಾಬಿನಿಂದ ಖಾಲಿ ಬಾಟಲಿ ತರಿಸಿಕೊಂಡೆ. ಈ ಪರೀಕ್ಷೆ ಅಳೆಯುವುದು ಲೀಟರಿಗೆ ಎಷ್ಟು ನ್ಯಾನೊಗ್ರಾಂ ಅಂತ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿನ ಲೆಕ್ಕ. ಹಾಗಾಗಿ ಕೈಯಿಂದ, ಬಟ್ಟೆಯಿಂದ ಏನೂ ಸೇರಬಾರದು. ಅವತ್ತು ಬೆಳಿಗ್ಗೆ ಕ್ರೀಮ್ ಹಚ್ಚಲಿಲ್ಲ, ಮಳೆ ಜಾಕೆಟ್ ಹಾಕಲಿಲ್ಲ, ಅವುಗಳಲ್ಲೂ ಪಿಫಾಸ್ ಇರಬಹುದು. ಕೈತೊಳೆದು ನೈಟ್ರೈಲ್ ಗ್ಲೌಸ್ ಹಾಕಿಕೊಂಡೆ. ಸಾಫ್ಟ್‌ನರ್‌ಗೂ ಫಿಲ್ಟರ್‌ಗೂ ಮೊದಲು ಇರುವ ನಲ್ಲಿಯಿಂದಲೇ ಹಿಡಿಯಬೇಕು. ಪೈಪಿನಲ್ಲಿ ನಿಂತ ನೀರು ಹೋಗಲಿ ಅಂತ ಸ್ವಲ್ಪ ಹೊತ್ತು ಬಿಟ್ಟೆ. ಮುಚ್ಚಳದ ಒಳಭಾಗ ಮುಟ್ಟದೆ, ಅದನ್ನು ಎಲ್ಲೂ ಇಡದೆ, ಬಾಟಲಿ ತುಂಬಿಸಿದೆ. ಜೊತೆಗೆ ಲ್ಯಾಬಿನವರೇ ಕೊಟ್ಟ ಶುದ್ಧ ನೀರನ್ನು ಅಲ್ಲೇ ನಿಂತು ಇನ್ನೊಂದು ಬಾಟಲಿಗೆ ಸುರಿಯಬೇಕು. ಅದರಲ್ಲೂ ಪಿಫಾಸ್ ಸಿಕ್ಕಿದರೆ ಬೋರ್‌ವೆಲ್‌ನದಲ್ಲ, ಹಿಡಿಯುವಾಗ ಸೇರಿದ್ದು ಅಂತ ಗೊತ್ತಾಗುತ್ತದೆ. ದಯವಿಟ್ಟು ಈ ಎರಡನೇ ಬಾಟಲಿ ಬಿಡಬೇಡಿ. ಎರಡನ್ನೂ ಐಸ್ ಹಾಕಿ ಕಳಿಸಿದೆ.

ಪಿಫಾಸ್ ಗುಂಪಿನ ಎರಡು ರಾಸಾಯನಿಕಗಳಾದ ಪಿಎಫ್‌ಒಎ, ಪಿಎಫ್‌ಒಎಸ್ ಎರಡೂ ಸೇರಿ ಲೀಟರಿಗೆ ಮೂವತ್ತು ನ್ಯಾನೊಗ್ರಾಂ ಆಸುಪಾಸು ಬಂತು. 2016ರಲ್ಲಿ ಕೇಂದ್ರದ ಪರಿಸರ ಸಂಸ್ಥೆ ಹೇಳಿದ್ದ ಎಚ್ಚರಿಕೆಯ ಮಟ್ಟ ಎರಡೂ ಸೇರಿ 70. ಆ ಲೆಕ್ಕಕ್ಕೆ ನಮ್ಮ ನೀರು ಪಾಸು. ಅದೇ ಸಂಸ್ಥೆ 2024ರಲ್ಲಿ ಸಾರ್ವಜನಿಕ ನೀರಿಗೆ ಇಟ್ಟ ಮಿತಿ ಒಂದೊಂದಕ್ಕೂ ಬರೀ 4. ಕುಡಿದ ನೀರು ಅದೇ, ಅಳತೆಗೋಲು ಬೇರೆ. 'ಮಿತಿಯೊಳಗಿದೆ' ಅಂತ ಯಾರಾದರೂ ಹೇಳಿದರೆ ಯಾವ ವರ್ಷದ ಮಿತಿ ಅಂತ ಕೇಳಿ. ನಾನಂತೂ ಫಿಲ್ಟರ್‌ಗೆ 2024ರವರೆಗೆ ಕಾಯಲಿಲ್ಲ.

ಆಗ ತುಮಕೂರಿನಿಂದ ಬಂದಿದ್ದ ಅಮ್ಮ "ಚೆನ್ನಾಗಿ ಕುದಿಸಿ ಆರಿಸಿದ್ರೆ ಆಯ್ತಲ್ವಾ?" ಅಂದರು. ನಮ್ಮ ಮನೆಗಳಲ್ಲಿ ನೀರಿಗೆ ಇರುವ ಮದ್ದೇ ಅದು. ಆದರೆ ಪಿಫಾಸ್ ಕುದಿಸಿದರೆ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಸಿಂಕಿನ ಕೆಳಗೆ ಆರ್‌ಒ ಹಾಕಿಸಿದೆವು, ಪಿಫಾಸ್ ತೆಗೆಯುತ್ತದೆ ಅಂತ ಸರ್ಟಿಫಿಕೇಟ್ ಇರುವಂಥದ್ದು. ಹಾಕಿಸಿದ ಮೇಲೆ ಆ ನೀರನ್ನೂ ಲ್ಯಾಬಿಗೆ ಕಳಿಸಿ ಖಾತ್ರಿ ಮಾಡಿಕೊಂಡೆ. ಅಕ್ಕಿ ಇಂಗಿಸಿಕೊಳ್ಳುವ ನೀರು, ಬೇಳೆ, ಸಾರು, ಕಾಫಿ ಡಿಕಾಕ್ಷನ್ ಎಲ್ಲಕ್ಕೂ ಅದೇ. ಸ್ನಾನಕ್ಕೆ ಬೋರ್‌ವೆಲ್ ನೀರೇ. ಚರ್ಮದ ಮೂಲಕ ಒಳಗೆ ಹೋಗುವುದು ಕುಡಿಯುವುದಕ್ಕೆ ಹೋಲಿಸಿದರೆ ತುಂಬಾ ಕಡಿಮೆ. ಹಿತ್ತಲಲ್ಲಿ ಹರಿವೆ, ಮೆಂತ್ಯ ಬೆಳೆಯುವುದು ಬಿಟ್ಟೆ. ಸೊಪ್ಪಿನ ಎಲೆಗೆ ಇದು ಹತ್ತುತ್ತದೆ.

ರಕ್ತ ಪರೀಕ್ಷೆ ಆಮೇಲಿನ ಮಾತು. 2018ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಇಲ್ಲಿನ 235 ಜನರ ರಕ್ತದಲ್ಲಿ ಪಿಫಾಸ್ ಎಷ್ಟಿದೆ ಅಂತ ನೋಡಿತ್ತು, ಸರಾಸರಿ ದೇಶದ ಸರಾಸರಿಗಿಂತ ಜಾಸ್ತಿ ಇತ್ತು. ನಾನು ಡಾಕ್ಟರ ಬಳಿ ಹೋಗುವಾಗ ಅಮೆರಿಕದ ವಿಜ್ಞಾನಿಗಳ ಸಂಸ್ಥೆ ನ್ಯಾಷನಲ್ ಅಕಾಡೆಮೀಸ್ 2022ರಲ್ಲಿ ಪಿಫಾಸ್ ಬಗ್ಗೆ ಡಾಕ್ಟರುಗಳಿಗೆ ಕೊಟ್ಟ ಮಾರ್ಗದರ್ಶಿ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಅದರ ಪ್ರಕಾರ ರಕ್ತದ ದ್ರವಭಾಗದ (ಸೀರಂ) ಒಂದು ಮಿಲಿಲೀಟರ್‌ನಲ್ಲಿ ಅಳೆದ ಪಿಫಾಸ್ ಎಲ್ಲ ಸೇರಿ 2 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 2ರಿಂದ 20ರೊಳಗೆ ಇದ್ದರೆ ಕೊಲೆಸ್ಟ್ರಾಲ್, ಬಸುರಿಯಲ್ಲಿ ಬಿಪಿ, ಸ್ತನ ಕ್ಯಾನ್ಸರ್ ಕಡೆ ಗಮನ ಬೇಕು. 20 ದಾಟಿದರೆ ಥೈರಾಯ್ಡ್, ಕಿಡ್ನಿ ಕ್ಯಾನ್ಸರ್ ಲಕ್ಷಣಗಳನ್ನೂ ನೋಡಬೇಕು. ನಾನು ನಡುವಿನ ಗುಂಪು. ನಮ್ಮ ಕಡೆಯವರಿಗೆ ಹೃದಯದ ಕಾಯಿಲೆ ಮೊದಲೇ ಜಾಸ್ತಿ, ಹಾಗಾಗಿ ಕೊಲೆಸ್ಟ್ರಾಲ್ ಹಗುರವಾಗಿ ತೆಗೆದುಕೊಳ್ಳಲಿಲ್ಲ. ಒಂದು ಕಾಯಿಲೆ ಇದರಿಂದಲೇ ಬಂತು ಅಂತ ರಕ್ತದ ವರದಿ ಹೇಳಲ್ಲ. ಒಳಗೆ ಸೇರಿದ್ದು ಅರ್ಧಕ್ಕೆ ಇಳಿಯಲೇ ವರ್ಷಗಳು ಬೇಕು. ಅದಕ್ಕೇ ಮೊದಲು ಫಿಲ್ಟರ್, ಆಮೇಲೆ ರಕ್ತ.

ಈಚೆಗೆ ನಮ್ಮ ಬೀದಿಗೆ ಬಂದ ಕನ್ನಡದ ಹುಡುಗಿಯೊಬ್ಬಳು ಬಸುರಿ. "ಅಕ್ಕಾ, ಮಗುಗೆ ಎದೆಹಾಲು ಕುಡಿಸ್ಬಹುದಾ?" ಅಂತ ಕೇಳಿದಳು. ಹಾಲಿನಲ್ಲೂ ಪಿಫಾಸ್ ಹೋಗುತ್ತದೆ ನಿಜ. ಆದರೂ ಸಾಮಾನ್ಯವಾಗಿ ಎದೆಹಾಲಿನ ಲಾಭವೇ ದೊಡ್ಡದು ಅಂತ ಇಲ್ಲಿನ ಆರೋಗ್ಯ ಸಂಸ್ಥೆಗಳು ಹೇಳುತ್ತವೆ. ಅದನ್ನೇ ಹೇಳಿ, ನಿನ್ನ ಡಾಕ್ಟರ್‌ನೂ ಕೇಳು ಅಂದೆ. ಅವಳ ಬೋರ್‌ವೆಲ್ ನೀರು ಈಗ ಲ್ಯಾಬಿಗೆ ಹೋಗಿದೆ. ವರದಿ ಬರುವ ತನಕ ಕುಡಿಯಲು, ಅಡುಗೆಗೆ ನಮ್ಮನೆ ನೀರೇ ಕೊಡುತ್ತಿದ್ದೇವೆ.